ಸುಟ್ಟುಹೋದ ಹೆಣಕ್ಕೆ ಸಂಸ್ಕಾರ: ಕಾದಂಬರಿಯೊಳಗೆ ವ್ಯಂಗ್ಯ ನಡೆಯುವ ರೀತಿ

ಬಸ್ಸು ತಪ್ಪಿಸಿದ ಗೆಳೆಯನಿಗೆ ‘ಬಹಳ ಉಪಕಾರ ಆಯ್ತಪ್ಪ ನಿನ್ನಿಂದ’ ಎಂದರೆ ಅವನಿಗೆ ತಕ್ಷಣ ಅರ್ಥವಾಗುತ್ತದೆ. ನಮ್ಮ ಮುಖ ನೋಡುತ್ತಾನೆ, ದನಿ ಕೇಳುತ್ತಾನೆ, ಹೋದ ಬಸ್ಸಿನ ಧೂಳೂ ಅವನ ಕಣ್ಣೆದುರಿಗೇ ಇದೆ. ಸಂಸ್ಕೃತದ ಆಲಂಕಾರಿಕರು ವಿಪರೀತ ಲಕ್ಷಣೆಗೆ, ಅಂದರೆ ಆಡಿದ್ದಕ್ಕೆ ತದ್ವಿರುದ್ಧ ಅರ್ಥ ಕೊಡುವ ಮಾತಿಗೆ, ಉದಾಹರಣೆಯಾಗಿ ಕೊಡುತ್ತ ಬಂದ ಹಳೆಯ ಪದ್ಯವೂ ಇದೇ ಧಾಟಿಯದು: ‘ಉಪಕೃತಂ ಬಹು ತತ್ರ ಕಿಮುಚ್ಯತೇ’. ಎಷ್ಟೊಂದು ಉಪಕಾರ ಮಾಡಿದೆ, ಏನೆಂದು ಹೇಳಲಿ, ಹೀಗೇ ಮಾಡುತ್ತ ನೂರು ವರ್ಷ ಸುಖವಾಗಿರು ಎಂದು ಕೇಡು ಮಾಡಿದವನಿಗೇ ಹೇಳುವ ಮಾತು. ಅಲ್ಲಿಯೂ ಕೇಳುವವನು ಎದುರಿಗಿದ್ದಾನೆ, ಆದದ್ದೇನು ಎಂಬುದು ಇಬ್ಬರಿಗೂ ಗೊತ್ತಿದೆ.

ಕಾದಂಬರಿಯ ಪುಟಕ್ಕೆ ಹುಬ್ಬಿಲ್ಲ, ದನಿಯಿಲ್ಲ. ಮುನ್ನೂರು ಪುಟದ ಉದ್ದಕ್ಕೂ ಕಣ್ಣು ಮಿಟುಕಿಸುತ್ತ ಕೂರಲು ಲೇಖಕನಿಗೆ ಆಗುವುದೂ ಇಲ್ಲ. ಆದರೂ ವ್ಯಂಗ್ಯ ಓದುಗನನ್ನು ಮುಟ್ಟುತ್ತದೆ, ಕೆಲವೊಮ್ಮೆ ಎದುರಿಗೆ ನಿಂತು ಆಡಿದ ಮಾತಿಗಿಂತ ಆಳಕ್ಕೆ. ಅದಕ್ಕೆ ಕಾರಣ, ಕಾದಂಬರಿಯ ವ್ಯಂಗ್ಯ ಮಾತಿನ ಧಾಟಿಯನ್ನು ನೆಚ್ಚಿಕೊಂಡದ್ದು ಕಡಿಮೆ. ತಿಳಿವಳಿಕೆ ಹೇಗೆ ಹಂಚಿಕೆಯಾಗಿದೆ ಎಂಬುದರ ಮೇಲೆ ನಿಂತದ್ದು ಹೆಚ್ಚು. ಯಾರಿಗೆ ಏನು ಗೊತ್ತು, ಎಷ್ಟನೆಯ ಪುಟದಲ್ಲಿ ಗೊತ್ತಾಯಿತು, ಯಾರಿಗೆ ಕೊನೆವರೆಗೂ ಗೊತ್ತಾಗಲಿಲ್ಲ: ಈ ಮೂರರ ಲೆಕ್ಕ ಇಟ್ಟುಕೊಂಡರೆ ವ್ಯಂಗ್ಯದ ಬಹುಪಾಲು ಕೈಗೆ ಸಿಗುತ್ತದೆ.

ಪದಗಳ ಗೊಂದಲ ಒಂದಿದೆ, ಅದನ್ನು ತೀರಿಸಿಕೊಂಡೇ ಮುಂದೆ ಹೋಗೋಣ. ಇಂಗ್ಲಿಷಿನ ‘ಐರನಿ’ ಎಂಬುದಕ್ಕೆ ಕನ್ನಡದಲ್ಲಿ ಒಂದೇ ಪದ ಇಲ್ಲ. ಇಲ್ಲದಿರುವುದೇ ಲಾಭ, ಏಕೆಂದರೆ ಇರುವ ನಾಲ್ಕೈದು ಪದಗಳು ನಾಲ್ಕೈದು ಬೇರೆ ಕೆಲಸಗಳನ್ನು ತೋರಿಸುತ್ತವೆ. ‘ವ್ಯಂಗ್ಯ’ ಎಂದರೆ 9ನೆಯ ಶತಮಾನದ ಕಾವ್ಯಮೀಮಾಂಸಕ ಆನಂದವರ್ಧನನ ಲೆಕ್ಕದಲ್ಲಿ ಧ್ವನಿತವಾದ, ಅಂದರೆ ನೇರ ಹೇಳದೆ ಹೊಳೆಯಿಸಿದ ಅರ್ಥ, ಅಷ್ಟೇ. ಅದರಲ್ಲಿ ಕುಟುಕು ಇರಲೇಬೇಕೆಂದಿಲ್ಲ. ಇಂದಿನ ಕನ್ನಡದಲ್ಲಿ ಆ ಪದಕ್ಕೆ ಕುಟುಕು ಅಂಟಿಕೊಂಡಿದೆ. ‘ವಿಪರ್ಯಾಸ’ ಘಟನೆಗಳಿಗೆ ಸೇರಿದ್ದು, ಮಾತಿಗಲ್ಲ. ‘ವಿಡಂಬನೆ’ಗೆ ಒಂದು ಗುರಿ ಬೇಕು, ಯಾರನ್ನೋ ಯಾವುದನ್ನೋ ಅಣಕಿಸಬೇಕು. ‘ಕೊಂಕು’ ನೋಯಿಸಲೆಂದೇ ಆಡುವ ಮಾತು. ‘ವ್ಯಾಜಸ್ತುತಿ’ಯಲ್ಲಿ ಹೊಗಳಿಕೆಯ ವೇಷದಲ್ಲಿ ತೆಗಳಿಕೆ ಬರುತ್ತದೆ, ಅಥವಾ ತೆಗಳಿಕೆಯ ವೇಷದಲ್ಲಿ ಹೊಗಳಿಕೆ, ದಾಸರ ನಿಂದಾಸ್ತುತಿಗಳು ಈ ಎರಡನೆಯ ಮನೆಯವು. ಒಂದು ಒಳ್ಳೆಯ ಕಾದಂಬರಿಯಲ್ಲಿ ಇವೆಲ್ಲ ಒಂದರ ಮೇಲೊಂದು ಕೂತಿರುತ್ತವೆ. ವಿಮರ್ಶೆ ಬರೆಯುವಾಗ ಎಲ್ಲಕ್ಕೂ ‘ವ್ಯಂಗ್ಯಭರಿತ’ ಎಂಬ ಒಂದೇ ಮುದ್ರೆ ಒತ್ತಿದರೆ ಏನೂ ಹೇಳಿದಂತಾಗುವುದಿಲ್ಲ.

ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ವನ್ನು (1965) ಬಿಡಿಸಿ ನೋಡುವುದು ಇದಕ್ಕೆ ಒಳ್ಳೆಯ ದಾರಿ. ಓದದವರು ಇಲ್ಲಿಗೇ ನಿಲ್ಲಿಸಿ ಅದನ್ನು ಓದಿ ಬಂದರೂ ನಷ್ಟವಿಲ್ಲ. ಮುಂದೆ ಕತೆಯ ಗುಟ್ಟುಗಳೆಲ್ಲ ಬಯಲಾಗುತ್ತವೆ.

ದುರ್ವಾಸಪುರದ ಲೆಕ್ಕಪುಸ್ತಕ

ಕತೆಯ ಅಸ್ಥಿಪಂಜರ ಇಷ್ಟು. ದುರ್ವಾಸಪುರ ಎಂಬ ಮಾಧ್ವ ಬ್ರಾಹ್ಮಣರ ಅಗ್ರಹಾರ. ನಾರಣಪ್ಪ ಸಾಯುತ್ತಾನೆ. ಅವನು ಸಾಲಿಗ್ರಾಮವನ್ನು ನದಿಗೆಸೆದವನು, ದೇವಸ್ಥಾನದ ಕೊಳದ ಮೀನು ಹಿಡಿದವನು, ಕುಂದಾಪುರದ ಚಂದ್ರಿಯೊಡನೆ ಬಾಳಿದವನು. ಬ್ರಾಹ್ಮಣ್ಯವನ್ನು ಅವನು ಬಿಟ್ಟಿದ್ದ. ಬ್ರಾಹ್ಮಣ್ಯ ಅವನನ್ನು ಬಿಟ್ಟಿರಲಿಲ್ಲ, ಏಕೆಂದರೆ ಬಹಿಷ್ಕಾರ ಆಗಿರಲಿಲ್ಲ. ಹಾಗಾದರೆ ಅವನ ಹೆಣ ಸುಡುವವರು ಯಾರು? ಹೆಣ ಹೊರಗೆ ಹೋಗುವತನಕ ಯಾರೂ ಉಣ್ಣುವಂತಿಲ್ಲ. ತೀರ್ಮಾನ ಹೇಳಬೇಕಾದವರು ಕಾಶಿಯಲ್ಲಿ ಓದಿ ಬಂದ ವೇದಾಂತ ಶಿರೋಮಣಿ ಪ್ರಾಣೇಶಾಚಾರ್ಯರು.

ಈಗ ಒಂದು ಕಾಗದ ತೆಗೆದುಕೊಂಡು ಗೆರೆ ಎಳೆದು ನಾಲ್ಕು ಅಂಕಣ ಮಾಡಿ: ಓದುಗ, ಪ್ರಾಣೇಶಾಚಾರ್ಯ, ಚಂದ್ರಿ, ಅಗ್ರಹಾರದ ಬ್ರಾಹ್ಮಣರು. ಪ್ರತಿ ಮುಖ್ಯ ಘಟನೆ ಬಂದಾಗ ಅದು ಯಾರ ಅಂಕಣಕ್ಕೆ ಸೇರಿತು ಎಂದು ಗುರುತು ಹಾಕುತ್ತ ಹೋಗಿ.

ಮೊದಲ ಗುರುತು ಪ್ಲೇಗಿನದು. ನಾರಣಪ್ಪ ಶಿವಮೊಗ್ಗೆಗೆ ಹೋಗಿ ಬಂದವನು, ಜ್ವರ ಬಂತು, ಗೆಡ್ಡೆ ಎದ್ದಿತು, ಸತ್ತ. ಆಮೇಲೆ ಇಲಿಗಳು ಹೊರಗೆ ಬಂದು ಗಿರಗಿರನೆ ಸುತ್ತಿ ಬಿದ್ದು ಸಾಯುತ್ತವೆ, ಹದ್ದುಗಳು ಮಾಡಿನ ಮೇಲೆ ಬಂದು ಕೂರುತ್ತವೆ. ಓದುಗನ ಅಂಕಣದಲ್ಲಿ ಗುರುತು ಬೇಗ ಬೀಳುತ್ತದೆ. ಬ್ರಾಹ್ಮಣರ ಅಂಕಣ ಖಾಲಿ ಉಳಿಯುತ್ತದೆ: ಅವರಿಗೆ ಇದು ಹೆಣಕ್ಕೆ ಸಂಸ್ಕಾರವಾಗದ್ದರಿಂದ ಬಂದ ಅನಿಷ್ಟ. ಈ ಅಂತರ ತೆರೆದುಕೊಂಡ ಮೇಲೆ ಲೇಖಕ ಒಂದು ಮಾತೂ ಸೇರಿಸಬೇಕಾಗಿಲ್ಲ. ಹದ್ದು ಓಡಿಸಲು ಅವರು ಜಾಗಟೆ ಬಾರಿಸುತ್ತಾರೆ, ಶಂಖ ಊದುತ್ತಾರೆ. ಪೂಜೆಯ ಸದ್ದು, ಹೆಣದ ಕೆಲಸ. ವಾದ್ಯ ಬದಲಾಗಿಲ್ಲ, ಊದುವ ಕೈಯೂ ಬದಲಾಗಿಲ್ಲ. ನಮಗೆ ಗೊತ್ತಿರುವುದು ಮಾತ್ರ ಬದಲಾಗಿದೆ.

ಎರಡನೆಯ ಗುರುತು ಬಂಗಾರದ್ದು. ಹೆಣದ ಖರ್ಚಿಗೆಂದು ಚಂದ್ರಿ ತನ್ನ ಒಡವೆಗಳನ್ನೆಲ್ಲ ಬಿಚ್ಚಿ ಇಡುತ್ತಾಳೆ. ಅಲ್ಲಿಯವರೆಗೆ ‘ನಿನಗೆ ಹತ್ತಿರದ ಸಂಬಂಧ, ನೀನು ಮಾಡು’ ಎಂದು ಒಬ್ಬರ ಮೇಲೊಬ್ಬರು ಹಾಕುತ್ತಿದ್ದ ಗರುಡಾಚಾರ್ಯ, ಲಕ್ಷ್ಮಣಾಚಾರ್ಯರು ಅಲ್ಲಿಂದ ಮುಂದೆ ‘ನನಗೇ ಹತ್ತಿರದ ಸಂಬಂಧ’ ಎಂಬ ಕಡೆಗೆ ಜಾರುತ್ತಾರೆ. ಇದು ವಿಡಂಬನೆ, ಬಹುಶಃ ಕಾದಂಬರಿಯ ಅತಿ ಸುಲಭದ ವ್ಯಂಗ್ಯ. ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ: ಧರ್ಮಶಾಸ್ತ್ರದ ಪ್ರಶ್ನೆ ಹಾಗೇ ಉಳಿಯಿತು, ಅದಕ್ಕೆ ಬೇಕಾದ ಉತ್ತರ ಮಾತ್ರ ತಲೆಕೆಳಗಾಯಿತು. ಆಸೆಬುರುಕರನ್ನು ಆಸೆಬುರುಕರೆಂದು ತೋರಿಸುವುದರಲ್ಲಿ ಹೆಚ್ಚಿನ ಕಲೆಯಿಲ್ಲ. ಒಂದೇ ಶಾಸ್ತ್ರವಾಕ್ಯ ಬೆಳಿಗ್ಗೆ ಒಂದು ಕೆಲಸಕ್ಕೂ ಸಂಜೆ ಅದರ ವಿರುದ್ಧದ ಕೆಲಸಕ್ಕೂ ಸಲ್ಲುತ್ತದೆ ಎಂದು ತೋರಿಸುವುದರಲ್ಲಿ ಇದೆ.

ಮೂರನೆಯದು ಮಾರುತಿ ಗುಡಿಯಿಂದ ಹಿಂದಿರುಗುವ ದಾರಿ. ಗ್ರಂಥದಲ್ಲಿ ಉತ್ತರ ಸಿಗದೆ ಆಚಾರ್ಯರು ದೇವರಿಗೆ ಹೂವಿಟ್ಟು ಪ್ರಸಾದ ಕೇಳಿದ್ದಾರೆ. ಬಲದಿಂದಲೂ ಬೀಳಲಿಲ್ಲ, ಎಡದಿಂದಲೂ ಬೀಳಲಿಲ್ಲ. ಕತ್ತಲಾದ ಮೇಲೆ ಕಾಡಿನಲ್ಲಿ ಚಂದ್ರಿ ಅವರ ಕಾಲಿಗೆ ಬೀಳುತ್ತಾಳೆ, ಇಬ್ಬರೂ ಕೂಡುತ್ತಾರೆ. ಈಗ ಓದುಗ, ಆಚಾರ್ಯ, ಚಂದ್ರಿ ಮೂವರ ಅಂಕಣದಲ್ಲೂ ಗುರುತಿದೆ, ಊರಿನ ಅಂಕಣದಲ್ಲಿ ಇಲ್ಲ. ಇದರ ಫಲ ನೋಡಿ: ಮರುದಿನ ಬ್ರಾಹ್ಮಣರು ಆಚಾರ್ಯರ ಮುಂದೆ ನಿಲ್ಲುವ ವಿನಯ ಹಿಂದಿನ ದಿನದ್ದೇ. ಆದರೆ ಅದೇ ಗೌರವದ ಮಾತು ಈಗ ಆಚಾರ್ಯರ ಕಿವಿಯಲ್ಲಿ ಸುಡುತ್ತದೆ, ನಮ್ಮ ಕಿವಿಯಲ್ಲೂ. ಲೇಖಕನಿಗೆ ಇದಕ್ಕಿಂತ ಅಗ್ಗದ, ಇದಕ್ಕಿಂತ ಬಲವಾದ ಸಾಧನ ಇನ್ನೊಂದಿಲ್ಲ. ಒಂದು ಗುಟ್ಟನ್ನು ಓದುಗನ ಕೈಗೆ ಮೊದಲೇ ಕೊಟ್ಟರೆ ಆಮೇಲೆ ಬರುವ ಮುಗ್ಧ ವಾಕ್ಯಗಳೆಲ್ಲ ತಾವಾಗಿಯೇ ಎರಡು ಅರ್ಥ ಹೊರುತ್ತವೆ.

ನಾಲ್ಕನೆಯ ಗುರುತೇ ಇಡೀ ಕಾದಂಬರಿಯ ಅಚ್ಚು. ಚಂದ್ರಿ ಅದೇ ರಾತ್ರಿ ನಾರಣಪ್ಪನ ಮನೆಗೆ ಹೋಗಿ, ಹೆಣದ ಸ್ಥಿತಿ ನೋಡಿ, ಮುಸಲ್ಮಾನರ ಕೇರಿಯ ಅಹಮದ್ ಬ್ಯಾರಿಯ ನೆರವು ಕೇಳುತ್ತಾಳೆ. ನಾರಣಪ್ಪನಿಂದ ಹಿಂದೆ ಉಪಕಾರ ಪಡೆದಿದ್ದ ಅವನು ಗಾಡಿ ತಂದು, ಸೌದೆ ಒಟ್ಟಿ, ಯಾರಿಗೂ ತಿಳಿಯದಂತೆ ಸುಟ್ಟುಬಿಡುತ್ತಾನೆ. ಚಂದ್ರಿ ಊರು ಬಿಡುತ್ತಾಳೆ. ಓದುಗನಿಗೆ ಗೊತ್ತು, ಚಂದ್ರಿಗೆ ಗೊತ್ತು, ಆಚಾರ್ಯರಿಗಿಲ್ಲ, ಬ್ರಾಹ್ಮಣರಿಗಿಲ್ಲ. ಇಲ್ಲಿಂದಾಚೆಗೆ ಅವರು ಉಪವಾಸ ಬೀಳುವುದು, ಕೈಮರ ಎಂಬ ಊರಿಗೆ ನಡೆಯುವುದು, ಮಠದ ಸ್ವಾಮಿಗಳ ಹತ್ತಿರ ಹೋಗುವುದು ಎಲ್ಲವೂ ಇಲ್ಲದ ಹೆಣಕ್ಕಾಗಿ. ಪ್ರಶ್ನೆ ಬೂದಿಯಾದ ಮೇಲೆ ಉತ್ತರಕ್ಕಾಗಿ ನಡೆದದ್ದೇ ಹೆಚ್ಚು ದೂರ.

ಕತೆಯ ಇನ್ನೊಂದು ಅಂಚಿನಲ್ಲಿ, ಹೊಲೆಯರ ಕೇರಿಯಲ್ಲಿ, ಅದೇ ಕಾಯಿಲೆಯಿಂದ ಸತ್ತವರನ್ನು ಗುಡಿಸಲ ಸಮೇತ ಸುಟ್ಟುಬಿಡುತ್ತಾರೆ. ಕೆಲಸ ಅಲ್ಲಿಗೆ ಮುಗಿಯಿತು. ‘ಎಂಥ ವಿಪರ್ಯಾಸ’ ಎಂದು ಲೇಖಕ ಎಲ್ಲೂ ಎರಡನ್ನೂ ಹೋಲಿಸಿ ತೋರಿಸುವುದಿಲ್ಲ. ಎರಡು ಬೆಂಕಿಗಳನ್ನು ಬೇರೆಬೇರೆ ಪುಟದಲ್ಲಿ ಇಟ್ಟು ಸುಮ್ಮನಾಗುತ್ತಾರೆ. ಹೋಲಿಕೆ ಓದುಗನ ತಲೆಯಲ್ಲಿ ಹುಟ್ಟಬೇಕು.

ಗ್ರೀಕ್ ನಾಟಕಕಾರ ಸೊಫೊಕ್ಲಿಸನ ಈಡಿಪಸ್ ನಾಟಕ ನೆನಪಾಗದೆ ಇರದು. ಅಲ್ಲಿಯೂ ಊರಿಗೆ ಪಿಡುಗು ಬಡಿದಿದೆ, ಅಲ್ಲಿಯೂ ಊರಿನ ಹಿರಿಯನೇ ಪಾಪಿಯನ್ನು ಹುಡುಕಲು ಹೊರಡುತ್ತಾನೆ, ಹುಡುಕಾಟ ಅವನಲ್ಲಿಗೇ ಬಂದು ಮುಟ್ಟುತ್ತದೆ. ವ್ಯತ್ಯಾಸ ಒಂದೇ, ಅದೂ ದೊಡ್ಡದು. ಈಡಿಪಸನ ಕತೆ ಗ್ರೀಕ್ ಪ್ರೇಕ್ಷಕರಿಗೆ ಮೊದಲೇ ಗೊತ್ತಿತ್ತು, ತಿಳಿವಳಿಕೆಯನ್ನು ಅವರು ಮನೆಯಿಂದಲೇ ತಂದಿದ್ದರು. ಕಾದಂಬರಿಕಾರನಿಗೆ ಆ ಸೌಲಭ್ಯ ಇಲ್ಲ, ಪ್ರತಿಯೊಂದನ್ನೂ ಅವನೇ ಹೊತ್ತುಗೊತ್ತು ನೋಡಿ ಕೊಡಬೇಕು. ತುಂಬ ಬೇಗ ಕೊಟ್ಟರೆ ಪಾತ್ರಗಳು ದಡ್ಡರಂತೆ ಕಾಣುತ್ತಾರೆ. ‘ಸಂಸ್ಕಾರ’ದ ಪ್ಲೇಗಿನ ಎಳೆಯಲ್ಲಿ ಈ ದೋಷ ಸ್ವಲ್ಪ ಇದೆ ಎಂದೇ ನಮ್ಮ ಅನಿಸಿಕೆ, ಇಷ್ಟೊಂದು ಇಲಿ ಸತ್ತರೂ ಇವರಿಗೆ ಹೊಳೆಯಲಿಲ್ಲವೇ ಎಂದು ಓದುಗ ಕೊಂಚ ಅಸಹನೆಗೊಳ್ಳುತ್ತಾನೆ. ಸುಟ್ಟ ಹೆಣದ ಎಳೆಯಲ್ಲಿ ಆ ದೋಷವಿಲ್ಲ, ಅದನ್ನು ಊಹಿಸಲು ಬ್ರಾಹ್ಮಣರಿಗೆ ದಾರಿಯೇ ಇರಲಿಲ್ಲ.

ಒಳ್ಳೆಯತನದೊಳಗಿನ ಬಿರುಕು

ಇಲ್ಲಿಯವರೆಗೆ ಹೇಳಿದ್ದು ಘಟನೆಗಳ ವ್ಯಂಗ್ಯ. ಅದಕ್ಕಿಂತ ಕಷ್ಟದ್ದು ಸ್ವಭಾವದ ವ್ಯಂಗ್ಯ. ಅಲ್ಲಿ ಮನುಷ್ಯನನ್ನು ಬೀಳಿಸುವುದು ಅವನ ಗುಣವೇ ಹೊರತು ದೋಷವಲ್ಲ. ಪ್ರಾಣೇಶಾಚಾರ್ಯರು ರೋಗಿಷ್ಠ ಭಾಗೀರಥಿಯನ್ನು ತಿಳಿದೂ ತಿಳಿದೂ ಮದುವೆಯಾದವರು, ಅವಳ ಸೇವೆಯನ್ನೇ ತಪಸ್ಸು ಮಾಡಿಕೊಂಡವರು. ತ್ಯಾಗ ನಿಜ, ಸೇವೆ ನಿಜ. ಆದರೆ ಆ ತ್ಯಾಗದ ಲೆಕ್ಕದಲ್ಲಿ ಜಮೆಯಾಗುತ್ತಿರುವುದು ಅವರದೇ ಮೋಕ್ಷ. ಹೆಂಡತಿಯ ಕಾಯಿಲೆ ಅವರ ಬಂಡವಾಳ. ಇನ್ನೊಂದು: ಅವರು ಕಾವ್ಯವಾಚನ ಮಾಡುತ್ತ ಶಕುಂತಲೆಯ ಚೆಲುವನ್ನು ವರ್ಣಿಸುತ್ತಾರೆ, ಕೇಳಿ ಕಾವೇರಿದ ಅಗ್ರಹಾರದ ಯುವಕ ಶ್ರೀಪತಿ ಹೊಳೆಯ ದಂಡೆಯಲ್ಲಿ ಹೊಲೆಯರ ಹುಡುಗಿ ಬೆಳ್ಳಿಯನ್ನು ಹಿಡಿಯುತ್ತಾನೆ. ಕಾಮವನ್ನು ಗೆದ್ದವರ ಬಾಯಿಂದಲೇ ಕಾಮ ಊರಿಗೆ ಹರಡಿತು. ನಾರಣಪ್ಪ ಬದುಕಿದ್ದಾಗ ಆಚಾರ್ಯರೆದುರು ಆಡಿದ ಸವಾಲಿನ ಮಾತಿನಲ್ಲಿ ಇದೇ ತರ್ಕವಿತ್ತು. ಸತ್ತ ಮೇಲೆ ಅವನು ಒಂದು ಮಾತೂ ಆಡದೆ ಆ ವಾದ ಗೆಲ್ಲುತ್ತಾನೆ.

ಸ್ವಭಾವದ ವ್ಯಂಗ್ಯ ಕೆಲಸ ಮಾಡಬೇಕಾದರೆ ಲೇಖಕ ಆ ಗುಣವನ್ನು ನಿಜವಾಗಿ ಗೌರವಿಸಬೇಕು. ಆಚಾರ್ಯರು ಮೊದಲಿಂದಲೇ ಡಾಂಭಿಕರಾಗಿದ್ದರೆ ಬೀಳುವುದಕ್ಕೆ ಎತ್ತರವೇ ಇರುತ್ತಿರಲಿಲ್ಲ. ಹೊಸಬರು ಎಡವುವುದು ಇಲ್ಲೇ: ಹೊಡೆದುಹಾಕಲೆಂದೇ ಹುಲ್ಲಿನ ಬೊಂಬೆ ಕಟ್ಟುತ್ತಾರೆ, ಹೊಡೆಯುತ್ತಾರೆ, ಹುಲ್ಲು ಹಾರುತ್ತದೆ. ಓದುಗನಿಗೆ ನೋವೂ ಇಲ್ಲ, ಬೆರಗೂ ಇಲ್ಲ.

ಶಿವರಾಮ ಕಾರಂತರ ‘ಚೋಮನ ದುಡಿ’ (1933) ಇದಕ್ಕೆ ಸರಳ ರೂಪದ ಉದಾಹರಣೆ. ಚೋಮನ ಹತ್ತಿರ ಜೋಡಿ ಎತ್ತಿವೆ, ಉಳುವ ಆಸೆಯಿದೆ, ತೋಳಿನಲ್ಲಿ ಬಲವಿದೆ. ಹೊಲೆಯನಾದ್ದರಿಂದ ಬೇಸಾಯಕ್ಕೆ ಭೂಮಿ ಸಿಗುವುದಿಲ್ಲ. ಇದನ್ನು ವಿಪರ್ಯಾಸ ಎನ್ನಬಹುದು, ಏಕೆಂದರೆ ಆಸೆಯನ್ನು ಹುಟ್ಟಿಸಿದ ವ್ಯವಸ್ಥೆಯೇ ಆಸೆಗೆ ಅಡ್ಡ ನಿಂತಿದೆ. ಉಳಲು ಹೊರಟ ದಿನವೇ ಮಳೆ ಬಂತು ಎಂಬಂಥದ್ದು ವಿಪರ್ಯಾಸವಲ್ಲ, ಬರಿಯ ದುರದೃಷ್ಟ. ಪತ್ರಿಕೆಗಳ ‘ವಿಧಿಯ ವಿಪರ್ಯಾಸ’ಗಳಲ್ಲಿ ಹೆಚ್ಚಿನವು ಈ ಎರಡನೆಯ ಜಾತಿಯವು. ಕಾರಣ ಮತ್ತು ಅಡ್ಡಿ ಎರಡೂ ಒಂದೇ ಬೇರಿನಿಂದ ಬಂದಿವೆಯೇ ಎಂದು ಕೇಳಿದರೆ ಕಾಕತಾಳೀಯ ಯಾವುದು, ವಿಪರ್ಯಾಸ ಯಾವುದು ಎಂಬುದು ಬೇರ್ಪಡುತ್ತದೆ.

ಕನ್ನಡ ವಾಕ್ಯದಲ್ಲಿ ವ್ಯಂಗ್ಯ ಕೂರುವ ಜಾಗಗಳು

ರಚನೆಯ ಮಟ್ಟದಿಂದ ವಾಕ್ಯದ ಮಟ್ಟಕ್ಕೆ ಇಳಿದರೆ ಕನ್ನಡಕ್ಕೆ ತನ್ನದೇ ಹತಾರಗಳಿವೆ. ಒಂದು ಮಾದರಿ ಕಟ್ಟಿ ನೋಡೋಣ.

‘ಹೆಡ್ಮಾಸ್ತರರು ಕೊಡೆ ಮಡಿಸಿ ಗೇಟಿನ ಮುಂದೆ ನಿಂತರು. ತಾನಿಲ್ಲದೆ ಈ ಶಾಲೆ ಒಂದು ದಿನವಾದರೂ ನಡೆದೀತೆ? ಅಂದು ಭಾನುವಾರ.’

ಮೂರು ವಾಕ್ಯ, ಮೂರು ಕೆಲಸ. ಮೊದಲನೆಯದು ಹೊರಗಿನಿಂದ ಕಂಡದ್ದು. ಎರಡನೆಯದು ನಿರೂಪಕನ ಬಾಯಲ್ಲಿ ಬಂದರೂ ಹೆಡ್ಮಾಸ್ತರರ ತಲೆಯೊಳಗಿನದು. ‘ತಾನು’ ಎಂಬ ಆತ್ಮಾರ್ಥಕ ಸರ್ವನಾಮ ಆ ಬಾಗಿಲು ತೆಗೆಯಿತು, ‘ಎಂದುಕೊಂಡರು’ ಎಂಬ ಕ್ರಿಯಾಪದ ಬಿಟ್ಟದ್ದರಿಂದ ಆ ಬಾಗಿಲು ತೆರೆದೇ ಉಳಿಯಿತು. ಮೂರನೆಯದು ಬರಿಯ ಮಾಹಿತಿ. ಎರಡರ ಪಕ್ಕ ಮೂರನ್ನು ತಂದಿಟ್ಟಾಗ ಕಿಡಿ ಹಾರಿತು.

ಈಗ ಕೆಡಿಸಿ ನೋಡಿ. ‘ತಾನಿಲ್ಲದೆ ಈ ಶಾಲೆ ನಡೆಯುವುದಿಲ್ಲ ಎಂದು ಅಹಂಕಾರದಿಂದ ಎಂದುಕೊಂಡರು. ಆದರೆ ಅಂದು ಭಾನುವಾರವಾಗಿತ್ತು!’ ಮೂರು ತಪ್ಪುಗಳು ಒಟ್ಟಿಗೆ ಬಂದವು. ‘ಅಹಂಕಾರದಿಂದ’ ಎಂಬುದು ಓದುಗ ಮಾಡಬೇಕಾದ ತೀರ್ಮಾನವನ್ನು ಕಿತ್ತುಕೊಂಡಿತು. ‘ಆದರೆ’ ಎಂಬುದು ಇಲ್ಲಿ ವಿರೋಧವಿದೆ ನೋಡು ಎಂದು ಬೆರಳು ತೋರಿಸಿತು. ಆಶ್ಚರ್ಯಸೂಚಕ ಚಿಹ್ನೆ ತನ್ನ ಜೋಕಿಗೆ ತಾನೇ ನಕ್ಕಿತು. ಬರೆದದ್ದನ್ನು ತಿದ್ದುವಾಗ ವ್ಯಂಗ್ಯದ ಜಾಗಗಳಲ್ಲಿ ಮೊದಲು ಹೊಡೆದುಹಾಕಬೇಕಾದದ್ದು ಈ ಮೂರು: ಗುಣ ಹೇಳುವ ಕ್ರಿಯಾವಿಶೇಷಣ, ‘ಆದರೆ’, ಆಶ್ಚರ್ಯಸೂಚಕ. ಹೊಡೆದ ಮೇಲೂ ಅರ್ಥ ನಿಂತರೆ ವ್ಯಂಗ್ಯ ಗಟ್ಟಿ. ನಿಲ್ಲದಿದ್ದರೆ ದೋಷ ಅಲ್ಲಿಲ್ಲ, ಹಿಂದಿನ ಪುಟಗಳಲ್ಲಿದೆ: ಓದುಗನಿಗೆ ಬೇಕಾದ ಮಾಹಿತಿ ಅಲ್ಲಿ ಸಿಕ್ಕಿಲ್ಲ.

ಇನ್ನೊಂದು ಮಾದರಿ: ‘ಶ್ಯಾನುಭೋಗರು ದಯಾಳು. ಬರಗಾಲದ ವರ್ಷ ಯಾರಲ್ಲೂ ಬಡ್ಡಿ ಕೇಳಲಿಲ್ಲ. ಜಮೀನನ್ನಷ್ಟೇ ಬರೆಸಿಕೊಂಡರು.’ ಇಡೀ ಭಾರ ‘ಅಷ್ಟೇ’ ಎಂಬ ಪುಟ್ಟ ಪದದ ಮೇಲಿದೆ. ಅದನ್ನು ತೆಗೆದರೆ ವರದಿ, ಇಟ್ಟರೆ ವ್ಯಂಗ್ಯ. ‘ದಯಾಳು’ ಎಂಬುದು ಯಾರ ಪದ ಎಂಬ ಪ್ರಶ್ನೆಯನ್ನೂ ಕೇಳಬೇಕು. ನಿರೂಪಕನದೇ, ಊರಿನವರದೇ, ಶ್ಯಾನುಭೋಗರ ಮನೆಯವರದೇ? ‘ದಯಾಳುವಂತೆ’ ಎಂದು ಬದಲಿಸಿದರೆ ಆ ‘ಅಂತೆ’ ಹೊಣೆಯನ್ನು ಬೇರೆಯವರ ಮೇಲೆ ಹಾಕಿ ನಿರೂಪಕನನ್ನು ಪಕ್ಕಕ್ಕೆ ಸರಿಸುತ್ತದೆ. ಕೇಳಿದ್ದನ್ನು ಹೇಳುತ್ತಿದ್ದೇನೆ, ನನ್ನದೇನಿಲ್ಲ ಎಂಬ ಈ ನುಣುಚಿಕೆ ನಮ್ಮ ಮನೆ ಜಗಲಿಯ ಮಾತಿನ ಹಳೆಯ ಅಸ್ತ್ರ. ‘ಪಾಪ’ ಇನ್ನೊಂದು. ‘ಪಾಪ, ಮೂರೇ ಮನೆ ಕಟ್ಟಿಸಿದ್ದಾರೆ’ ಎನ್ನುವಾಗ ಮರುಕ ಎಲ್ಲಿಗೆ ಹೋಯಿತು ಎಂದು ಯಾರೂ ಕೇಳುವುದಿಲ್ಲ.

ಗೌರವದ ಬಹುವಚನವೂ ಎಚ್ಚರದಿಂದ ಬಳಸಬೇಕಾದ ವಸ್ತು. ಏಕವಚನಕ್ಕೆ ಅರ್ಹನಾದವನು ಇದ್ದಕ್ಕಿದ್ದಂತೆ ‘ದಯಮಾಡಿಸಿದರು’ ಆದಾಗ ಓದುಗ ಚುರುಕಾಗುತ್ತಾನೆ. ಆದರೆ ಇದು ಬೇಗ ಸವೆಯುತ್ತದೆ. ಒಂದೇ ಪಾತ್ರವನ್ನು ಹತ್ತು ಕಡೆ ‘ಮಹಾನುಭಾವರು’ ಎಂದರೆ ಹತ್ತನೆಯದು ಕೊಂಕಾಗಿ ಉಳಿಯುತ್ತದೆ, ಓದುಗನ ಮನಸ್ಸು ಪಾತ್ರದ ಕಡೆಗೇ ವಾಲುತ್ತದೆ. ಸಂಸ್ಕೃತಭೂಯಿಷ್ಠ ಭಾಷೆಯನ್ನು ಕ್ಷುಲ್ಲಕ ಕೆಲಸಕ್ಕೆ ಹಚ್ಚುವುದು ಮೂರನೆಯ ದಾರಿ. ಹಾಸ್ಯಲೇಖನದಲ್ಲಿ ಸಲ್ಲುತ್ತದೆ, ಕಾದಂಬರಿಯಲ್ಲಿ ಒಂದೆರಡು ಪುಟದಾಚೆಗೆ ಎಳೆದರೆ ಬಾಯಿ ಒಣಗುತ್ತದೆ.

ಹೇಳುವವನನ್ನೇ ನಂಬಲಾಗದಾಗ

‘ಸಂಸ್ಕಾರ’ದಲ್ಲಿ ನಿರೂಪಕ ನಂಬಿಗಸ್ಥ, ಅವನು ಹೇಳಿದ ಘಟನೆ ನಡೆದದ್ದೇ. ಕತೆ ಹೇಳುವ ‘ನಾನು’ವೇ ಅರೆಗುರುಡನಾಗಿದ್ದರೆ? ಅಮೆರಿಕದ ವಿಮರ್ಶಕ ವೇಯ್ನ್ ಬೂತ್ 1961ರಲ್ಲಿ ‘ನಂಬಲಾಗದ ನಿರೂಪಕ’ ಎಂಬ ಹೆಸರು ಕೊಟ್ಟದ್ದು ಇಂಥವರಿಗೆ. ಕನ್ನಡದಲ್ಲಿ ಇದರ ಅತಿ ಹದವಾದ ಬಳಕೆ ವಿವೇಕ ಶಾನಭಾಗರ ‘ಘಾಚರ್ ಘೋಚರ್’ನಲ್ಲಿದೆ.

ಅಲ್ಲಿನ ನಿರೂಪಕನಿಗೆ ಹೆಸರಿಲ್ಲ. ಬೆಂಗಳೂರಿನ ಕಾಫಿ ಹೌಸಿನಲ್ಲಿ ಕೂತು ಕತೆ ಹೇಳುತ್ತಾನೆ. ಅಲ್ಲಿನ ಮಾಣಿ ವಿನ್ಸೆಂಟ್ ಅವನಿಗೆ ಋಷಿಯಂತೆ ಕಾಣುತ್ತಾನೆ; ವಿನ್ಸೆಂಟ್ ಆಡುವುದು ಯಾವ ಮಾಣಿಯೂ ಆಡಬಹುದಾದ ಮಾತು. ಚಿಕ್ಕಪ್ಪನ ಸೋನಾ ಮಸಾಲಾ ಕಂಪನಿಯಲ್ಲಿ ಅವನಿಗೆ ಹುದ್ದೆಯಿದೆ, ಸಂಬಳವಿದೆ, ಕೆಲಸವಿಲ್ಲ. ಮನೆಯವರೆಲ್ಲ ಒಂದೇ ಕೈಯ ಬೆರಳುಗಳಂತೆ ಒಟ್ಟಿಗಿದ್ದೇವೆ ಎಂಬ ಭಾವ ಅವನ ಕತೆಯುದ್ದಕ್ಕೂ ಇದೆ. ಮನೆಗೆ ನುಗ್ಗಿದ ಇರುವೆಗಳನ್ನು ಇವರೆಲ್ಲ ಸೇರಿ ಕೊಲ್ಲುವುದನ್ನು ಅವನು ಹಳೆಯ ಬಡತನದ ಒಂದು ತಮಾಷೆಯ ನೆನಪಿನಂತೆ ಹೇಳುತ್ತಾನೆ.

ವ್ಯಂಗ್ಯವನ್ನು ಓದುಗ ಮರಳಿ ಕಟ್ಟಿಕೊಳ್ಳುವ ಬಗೆಯನ್ನು ಬೂತ್ ತನ್ನ 1974ರ ಪುಸ್ತಕದಲ್ಲಿ ನಾಲ್ಕು ಹೆಜ್ಜೆಯಾಗಿ ಬಿಡಿಸಿದ. ಅದನ್ನು ಇಲ್ಲಿ ಹಚ್ಚಿ ನೋಡಬಹುದು. ಮೊದಲು, ಮೇಲಿನ ಅರ್ಥ ಒಪ್ಪಿಗೆಯಾಗುವುದಿಲ್ಲ: ಇಷ್ಟು ಅನ್ಯೋನ್ಯವಾದ ಮನೆಯ ಬಾಗಿಲಿಗೆ ಚಿಕ್ಕಪ್ಪನನ್ನು ಹುಡುಕಿಕೊಂಡು ಒಬ್ಬ ಹೆಂಗಸು ಬಂದಾಗ, ಅಮ್ಮ ಮತ್ತು ಅಕ್ಕ ಅವಳ ಮೇಲೆ ಹರಿಹಾಯುವ ಕ್ರೌರ್ಯ ಆ ಅನ್ಯೋನ್ಯತೆಗೆ ಹೊಂದುವುದಿಲ್ಲ. ಎರಡನೆಯದು, ಬೇರೆ ವಿವರಣೆಗಳನ್ನು ತೂಗುವುದು: ಲೇಖಕ ಎಡವಿದನೇ, ನಿರೂಪಕ ಸುಳ್ಳುಗಾರನೇ, ಅಥವಾ ಕಂಡೂ ಕಾಣದಂತಿರುವುದು ಅವನ ಅಭ್ಯಾಸವೇ? ಮೂರನೆಯದು, ಲೇಖಕನಿಗೆ ಇದು ಗೊತ್ತಿದೆಯೇ ಎಂದು ನಿರ್ಧರಿಸುವುದು. ಹೆಂಡತಿ ಅನಿತಾ ನೇರ ಮಾತಾಡಿದಾಗಲೆಲ್ಲ ಮನೆ ಮೌನವಾಗುವುದನ್ನು ಇಷ್ಟು ನಿಖರವಾಗಿ ಇಟ್ಟವರಿಗೆ ಗೊತ್ತಿಲ್ಲದಿರುವುದು ಸಾಧ್ಯವಿಲ್ಲ. ನಾಲ್ಕನೆಯದು, ಹೊಸ ಅರ್ಥದಲ್ಲಿ ನೆಲೆಯೂರುವುದು: ಒಗ್ಗಟ್ಟು ಎಂದು ಅವನು ಕರೆಯುವುದು ಹಣದ ಸುತ್ತ ಕಟ್ಟಿದ ಕೋಟೆ. ಹೀಗೆ ನೆಲೆಯೂರಿದ ಕ್ಷಣ ಹಿಂದಿನ ಇರುವೆಗಳ ಪುಟ ಬೇರೆಯದೇ ಆಗಿಬಿಡುತ್ತದೆ, ತಮಾಷೆ ಸತ್ತುಹೋಗುತ್ತದೆ. ಕೊನೆಯಲ್ಲಿ ವಿನ್ಸೆಂಟ್ ಕೈಮೇಲಿನ ರಕ್ತ ತೊಳೆದುಕೊಳ್ಳಲು ಹೇಳುವುದು ಮಾಣಿಯ ಸಹಜ ಉಪಚಾರ. ಅಲ್ಲಿಯತನಕ ಅವನ ಮಾತುಗಳಿಗೆ ಇಲ್ಲದ ಆಳವನ್ನು ನಿರೂಪಕ ತುಂಬುತ್ತಿದ್ದ. ಈ ಒಂದು ಮಾತಿನಲ್ಲಿ ನಿಜವಾಗಿಯೂ ಆಳ ತುಂಬಿದೆ.

ಮೂರನೆಯ ಹೆಜ್ಜೆಯೇ ಜಾರುವ ಜಾಗ. ವಿ.ಎಸ್. ನೈಪಾಲ್ 1977ರ ತಮ್ಮ ಭಾರತದ ಕುರಿತ ಪುಸ್ತಕದಲ್ಲಿ ‘ಸಂಸ್ಕಾರ’ವನ್ನು ಚರ್ಚಿಸುತ್ತ, ಅನಂತಮೂರ್ತಿ ‘ತಿಳಿದೋ ತಿಳಿಯದೆಯೋ’ ಒಂದು ಬರ್ಬರ ನಾಗರಿಕತೆಯನ್ನು ಚಿತ್ರಿಸಿದ್ದಾರೆ ಎಂಬರ್ಥದ ಮಾತು ಬರೆದರು. ‘ತಿಳಿದೋ ತಿಳಿಯದೆಯೋ’ ಎಂದು ಕೈ ತೊಳೆದುಕೊಳ್ಳುವುದು ಅನುಕೂಲದ ಮಾತು, ಆದರೆ ವ್ಯಂಗ್ಯದ ಪ್ರಶ್ನೆ ಇರುವುದೆಲ್ಲ ಆ ಎರಡು ಪದಗಳ ನಡುವೆ. ಅಗ್ರಹಾರದ ಉಸಿರುಗಟ್ಟನ್ನು ಲೇಖಕ ತಿಳಿದೇ ಇಟ್ಟಿದ್ದಾರೆ ಎಂಬುದಕ್ಕೆ ಪುರಾವೆ ಪುಸ್ತಕದಲ್ಲೇ ಇದೆ, ಅಹಮದ್ ಬ್ಯಾರಿಯ ಗಾಡಿಯ ರೂಪದಲ್ಲಿ. ಪಾತ್ರಕ್ಕೆ ಕಾಣದ್ದನ್ನು ಓದುಗನಿಗೆ ತೋರಿಸಿದ ಲೇಖಕನಿಗೆ ಅದು ಕಂಡಿರಲೇಬೇಕು. ಲೇಖಕನ ಸಂದರ್ಶನ ಹುಡುಕುವ ಮೊದಲು ಇಂಥ ಒಳಸಾಕ್ಷಿ ಹುಡುಕುವುದು ಒಳ್ಳೆಯದು.

ಅನುವಾದದಲ್ಲಿ ಮೊದಲು ಸೋರುವುದೂ ವ್ಯಂಗ್ಯವೇ. ‘ಸಂಸ್ಕಾರ’ ಎಂಬ ಪದಕ್ಕೆ ಹೆಣದ ಕ್ರಿಯೆ, ತಿದ್ದಿ ಶುದ್ಧಿಗೊಳಿಸುವಿಕೆ, ಹಳೆಯ ಅನುಭವ ಮನಸ್ಸಿನೊಳಗೆ ಉಳಿಸಿದ ಗುರುತು, ಒಳ್ಳೆಯ ನಡತೆ ಎಲ್ಲ ಅರ್ಥವೂ ಇದೆ. ‘ಅವನಿಗೆ ಸಂಸ್ಕಾರ ಇಲ್ಲ’ ಎಂದರೆ ನಾರಣಪ್ಪನ ಬಗ್ಗೆ ಎರಡು ರೀತಿಯಲ್ಲಿ ನಿಜ. ಎ.ಕೆ. ರಾಮಾನುಜನ್ 1976ರ ಇಂಗ್ಲಿಷ್ ಅನುವಾದದಲ್ಲಿ ಮೂಲ ಪದವನ್ನು ಹಾಗೆಯೇ ಉಳಿಸಿಕೊಂಡು, ಸತ್ತವನಿಗೊಂದು ವಿಧಿ ಎಂಬರ್ಥದ ಉಪಶೀರ್ಷಿಕೆ ಕೊಟ್ಟರು. ಉಪಶೀರ್ಷಿಕೆ ಒಂದು ಅರ್ಥವನ್ನು ಮುಂದೆ ತಳ್ಳಿತು, ಉಳಿದವನ್ನು ಮೂಲ ಪದ ಹಿಡಿದುಕೊಂಡಿತು.

ವ್ಯಂಗ್ಯವೆಂದರೆ ಕಹಿಯೇ ಇರಬೇಕೆಂದೇನಿಲ್ಲ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ದಲ್ಲಿ (1980) ಊರೆಲ್ಲ ಕೆಲಸಕ್ಕೆ ಬಾರದವನೆಂದು ಬಿಟ್ಟ ಜೇನು ಹುಡುಕುವ ಮಂದಣ್ಣನನ್ನು ವಿಜ್ಞಾನಿ ಕರ್ವಾಲೊ ಹುಟ್ಟು ಪ್ರಕೃತಿತಜ್ಞನಂತೆ ಕಾಣುತ್ತಾರೆ. ಮೊದಲು ನಾವು ಊರಿನವರ ಜೊತೆ ನಗುತ್ತೇವೆ. ಕೆಲವು ಅಧ್ಯಾಯಗಳಾದ ಮೇಲೆ ಆ ನಗು ನಮ್ಮ ಮೇಲೇ ತಿರುಗಿರುತ್ತದೆ, ಯಾರಿಗೂ ಗಾಯವಾಗಿರುವುದಿಲ್ಲ.

ಕೊನೆಯದಾಗಿ ಬೂತ್ ಮಾಡಿದ ಇನ್ನೊಂದು ವಿಂಗಡಣೆ: ಸ್ಥಿರ ವ್ಯಂಗ್ಯ, ಅಸ್ಥಿರ ವ್ಯಂಗ್ಯ. ಶ್ಯಾನುಭೋಗರ ದಯೆಯದು ಸ್ಥಿರ. ಮೇಲಿನ ಅರ್ಥ ಬಿದ್ದಮೇಲೆ ಕೆಳಗಿನ ಅರ್ಥ ಗಟ್ಟಿಯಾಗಿ ನಿಲ್ಲುತ್ತದೆ. ಅಸ್ಥಿರದಲ್ಲಿ ಕೆಳಗಿನ ನೆಲವೂ ಅಲ್ಲಾಡುತ್ತದೆ. ‘ಸಂಸ್ಕಾರ’ ಮೊದಲರ್ಧದಲ್ಲಿ ಸ್ಥಿರ: ಬ್ರಾಹ್ಮಣರ ಆಸೆ, ಹಸಿವು, ಜಗಳದಲ್ಲಿ ನಾವು ಎಲ್ಲಿ ನಿಂತಿದ್ದೇವೆ ಎಂಬುದರಲ್ಲಿ ಅನುಮಾನವಿಲ್ಲ. ಭಾಗೀರಥಿ ಸತ್ತು, ಅವಳನ್ನು ಸುಟ್ಟು, ಆಚಾರ್ಯರು ಊರು ಬಿಟ್ಟ ಮೇಲೆ ಅದು ಅಸ್ಥಿರವಾಗುತ್ತದೆ. ಮೇಳಿಗೆಯ ಜಾತ್ರೆಯಲ್ಲಿ, ದಾರಿಯಲ್ಲಿ ಜೊತೆಯಾದ ಪುಟ್ಟನ ಹಿಂದೆ ಅಲೆಯುತ್ತ, ಕೋಳಿ ಅಂಕ ನೋಡುತ್ತ, ಸೂತಕದಲ್ಲಿದ್ದೂ ದೇವಸ್ಥಾನದ ಪಂಕ್ತಿಯಲ್ಲಿ ಉಣ್ಣಲು ಕೂರುತ್ತಾರೆ. ನಾರಣಪ್ಪ ಬೇಕೆಂದೇ ಮಾಡಿದ ಮೈಲಿಗೆಯನ್ನು ಇವರು ಅಂಜುತ್ತ ಮಾಡುತ್ತಾರೆ. ಇದು ಪತನವೇ, ಬಿಡುಗಡೆಯೇ, ಇನ್ನೊಂದು ಬಗೆಯ ಆತ್ಮಮೋಹವೇ? ಯಾವ ಉತ್ತರವನ್ನು ಹಿಡಿದರೂ ಮುಂದಿನ ಪುಟ ಅದನ್ನು ಸಡಿಲಿಸುತ್ತದೆ.

ಕಡೆಗೆ ಅವರು ಗಾಡಿ ಹತ್ತಿ ದುರ್ವಾಸಪುರದ ಕಡೆ ಹೊರಡುತ್ತಾರೆ, ಎಲ್ಲವನ್ನೂ ಹೇಳಿಬಿಡಬೇಕೆಂಬ ಭಾರ ಹೊತ್ತು. ಊರು ತಲುಪಲು ಇನ್ನೂ ಕೆಲವು ಗಂಟೆ ಇವೆ, ಕಾದಂಬರಿ ಅಲ್ಲಿಗೆ ನಿಲ್ಲುತ್ತದೆ. ನಾಲ್ಕು ಅಂಕಣದ ಕಾಗದವನ್ನು ಈಗ ಇನ್ನೊಮ್ಮೆ ನೋಡಿ. ಸುಟ್ಟ ಹೆಣದ ಸಾಲಿನಲ್ಲಿ ಆಚಾರ್ಯರ ಅಂಕಣ ಇನ್ನೂ ಖಾಲಿಯೇ ಇದೆ.